ನಡುಮಟ ನೀರು

ಆಳಂದ, 9 ನವೆಂಬರ್ 1983

ಡಾಕ್ಟರ್ ಅಬ್ದುಲ್ ಗನಿಗೆ, ಆಳಂದದಿಂದ ದೌಲತರಾಯ ಬರಿಯೋದು.

ಯಾವ ದೌಲತರಾಯ ಅಂತ ಯೋಚನಿ ಮಾಡಬ್ಯಾಡ. ಗುಲಬರ್ಗಾದ ಹಾಸ್ಟೆಲಿನ್ಯಾಗ ನಿನ್ನ ಮಗ್ಗಲ ಖೋಲಿಯವ. ಇಂಟರ್ ಎರಡನೇ ವರ್ಷ ಅಪ್ಪ ತೀರಿಕೊಂಡ ಮ್ಯಾಲ ಟ್ರಂಕು ಹೊತ್ತುಕೊಂಡು ಊರಿಗೆ ಹೋದವ. ನೀ ಜೇವರ್ಗಿ ದವಾಖಾನಿಗೆ ಬಂದೀ ಅಂತ ನಮ್ಮ ಬಾಜೂಕಿನ ಚಹಾದಂಗಡಿ ಇಮಾಮಸಾಬ ತಿಳಿಸಿದ. ತಿಳಿಸಿದ ಅಂದ್ರ ಪಾಟಿ ಮ್ಯಾಲ ಬರದು ತೋರಿಸಿದ. ಅಲ್ಲಿಂದನೇ ನನ್ನ ಕತಿ ಸುರು.

ನನಗ ಕಿವಿ ಕೇಳವಲ್ವು. ಈ ಬ್ಯಾಸಗ್ಯಾಗ ಸುರು ಆತು. ಮೊದಲು ಗುಂಯ್ ಅಂತ ಸಪ್ಪಳ, ಆಮ್ಯಾಲ ಆ ಸಪ್ಪಳನೂ ಇಲ್ಲ. ಬಲಗಿವಿಗೆ ಬಾಯಿ ಹಚ್ಚಿ ಒದರಿದ್ರ ಒಂದೀಟು ತಿಳೀತದ. ಆದ್ರ ಗನಿ, ಕಿವಿ ಸಲುವಾಗಿ ನಾ ಅಳಾಂಗಿಲ್ಲ. ಬಸ್ ಸ್ಟ್ಯಾಂಡಿನ ಎದುರಿಗೆ ಸ್ಟೇಷನರಿ ಅಂಗಡಿ ಇಟ್ಟೇನಿ, ಪಾಟಿ ಬಳಪಕ್ಕ ಬರ ಇಲ್ಲ. ಗಿರಾಕಿ ಬರದು ಕೇಳ್ತಾರ, ನಾ ಕೊಡ್ತೇನಿ. ತ್ರಾಸ ಇರೋದು ನಡಗಿದು. ನಡದ್ರ ಜೋಲಿ ಹೋಗ್ತದ. ಕಾಲಾಗ ಶಕ್ತಿ ಅದ, ನೋವಿಲ್ಲ, ನೆಲ ಮಾತ್ರ ಒಂದು ಕಡಿಗೆ ಸರದಂಗ ಆಗ್ತದ. ಫಿಜಿಕ್ಸಿನ್ಯಾಗ ಕಲಿಸಿದ್ರಲ್ಲ, ಈಕ್ವಿಲಿಬ್ರಿಯಮ್ ಮೂರು ಥರ ಅಂತ: ಸ್ಟೇಬಲ್, ಅನ್‌ಸ್ಟೇಬಲ್, ಇನ್ನೊಂದು ಮರತೇನಿ. ನಾ ಆ ಎರಡನೇದು ಆಗೇನಿ. ಗುಲಬರ್ಗಾದಾಗ ಒಬ್ಬ ಕಿವಿ ಡಾಕ್ಟರಿಗೆ ತೋರಿಸಿದೆ. ಕಿವ್ಯಾಗ ಬಿಡೋ ಔಷಧ ಕೊಟ್ಟ. ನಡಗಿ ಮಾತು ತಗದ್ರ, ಅದು ನಂದಲ್ಲ, ಎಲುಬಿನವರಿಗೆ ತೋರಸು ಅಂದ. ಎಲುಬಿನವ ಕಾಲು ಮಡಚಿ ಬಿಚ್ಚಿ ನೋಡಿ, ಎಲುಬು ಬರೋಬ್ಬರಿ ಅವ, ಕುಡಿಯೋದು ಕಡಿಮಿ ಮಾಡು ಅಂತ ಬರದುಕೊಟ್ಟ.

ಊರಿಗೂ ಅದೇ ಅನುಮಾನ. ಹೋದ ವಾರ ಒಬ್ಬ ಗಿರಾಕಿ ಪಾಟಿ ಮ್ಯಾಲ, "ಸಾಹುಕಾರ್ರ, ನಿಮಗ ಶಿಂದಿ ಯಾವ ಗಿಡದ್ದು ಬರ್ತದ? ನಮಗೂ ಹೇಳ್ರಿ" ಅಂತ ಬರದು ನಕ್ಕೋತ ನಿಂತ. ಕೊರಳಾಗ ಲಿಂಗ ಕಟ್ಟಿಕೊಂಡವ ನಾ. ಹುಟ್ಟಿದಾಗಿಂದ ಒಂದು ಹನಿ ಮುಟ್ಟಿಲ್ಲ.

ನಗೋರು ನಗಲಿ. ಆದ್ರ ಈ ಸುದ್ದಿ ಖಜೂರಿಗೆ ಹೋಗ್ಯದ. ನನ್ನ ಹೆಂಡ್ತಿ ಸುಂದರಬಾಯಿ ತವರುಮನಿ ಖಜೂರಿ. ಆಕಿ ತೀರಿಕೊಂಡು ಮೂರು ವರ್ಷದ ಮ್ಯಾಲಾತು. ಗಾಣಗಾಪುರದ ಸಂಗಮದಾಗ, ನದ್ಯಾಗ. ಅಲ್ಲಿ ನೀರು ನಡುಮಟ ಇತ್ತು. ನಡುಮಟ ನೀರಾಗ ಮುಳುಗಿ ಸಾಯಬೇಕಂದ್ರ ಸಾಯೋ ಮನಸ್ಸೇ ಇರಬೇಕು ಅಂದ್ರು ಎಲ್ಲಾರೂ. ನಾನೂ ಅದನ್ನೇ ನಂಬೇನಿ. ಯಾಕ ಅಂತ ಮಾತ್ರ ಇವತ್ತಿಗೂ ತಿಳೀಲಿಲ್ಲ. ಈಗ ನಮ್ಮ ಅತ್ತಿ ಕಸ್ತೂರಿಬಾಯಿಗೆ ಕಾರಣ ಸಿಕ್ಕದ: ಅಳಿಯ ಕುಡುಕ, ಅದಕ್ಕೇ ಮಗಳು ನೀರಿಗೆ ಬಿದ್ದಳು. ಆಕಿ ಸತ್ತಾಗಿಂದ ಆ ಮುದುಕಿ ನನಗ ಹೊಸ್ತಿಲಾ ತುಳಿಯಾಕ ಕೊಟ್ಟಿಲ್ಲ. ನನ್ನ ಜೋಲಿಗೆ ಖರೇ ಕಾರಣ ಏನಂತ ನೀ ಹುಡುಕಿಕೊಟ್ಟರ ಆಕಿ ಮುಂದ ಒಮ್ಮಿ ಹೋಗಿ ನಿಲ್ತೇನಿ. ಇಷ್ಟೇ ನನ್ನ ಪ್ರೇಯರ್.

ಐ ಬೆಗ್ ಟು ರಿಮೇನ್,
ನಿನ್ನ ದೌಲತರಾಯ


ಜೇವರ್ಗಿ, 21 ನವೆಂಬರ್ 1983

ದೌಲತ್,

ನಿನ್ನ ಅಕ್ಷರ ಲಕೋಟಿ ಮ್ಯಾಲೇ ಗುರ್ತು ಸಿಕ್ತು. ಈಗಲೂ ಹಂಗೇ, ಇರಿವಿ ಮಳ್ಯಾಗ ತೊಯ್ದಂಗ. ಸುಂದರಬಾಯಿ ಸುದ್ದಿ ಎರಡು ಸಲ ಓದಿದೆ. ನನಗ ಗೊತ್ತಿದ್ದಿಲ್ಲ.

ನಾ ಕಿವಿ ಸ್ಪೆಷಲಿಸ್ಟ್ ಅಲ್ಲ, ಹಳ್ಳಿ ಜ್ವರ ಕೆಮ್ಮು ನೋಡವ. ಆದರೂ ಕಿವಿ ಹೋಗೋದು, ತೋಲ ತಪ್ಪೋದು ಎರಡೂ ಕೂಡೇ ಬಂದಾವಂದ್ರ ಕಾರಣ ಒಂದೇ ಇರಬೇಕು. ಅದಕ್ಕ ಕೇಳ್ತೇನಿ, ಉತ್ತರ ಬರಿ. ನೀ ಈಗ ಖರೇನೇ ಕುಡಿಯಾಂಗಿಲ್ಲೇನು? ಹೆಂಡ್ತಿ ಹೋದ ಮ್ಯಾಲ ಭಾಳ ಮಂದಿ ಸುರು ಮಾಡ್ತಾರ. ಕತ್ತಲ್ಯಾಗ ಜಾಸ್ತಿ ಆಗ್ತದೇನು? ಮುಖಾ ತೊಳಿವಾಗ, ಕಣ್ಣು ಮುಚ್ಚಿದಾಗ? ನಡಿವಾಗ ಎದುರಿಗಿನ ಬೋರ್ಡು ಓದಾಕ ಬರ್ತದೇನು, ಅಕ್ಷರ ಕುಣಿತಾವೇನು? ಈ ಎರಡು ಮೂರು ವರ್ಷದಾಗ ಯಾವ ರೋಗ ಬಂದಿತ್ತು, ಯಾವ ಸೂಜಿ ಮಾಡಿಸಿಕೊಂಡೀ?

ನನ್ನ ಹೆಂಡ್ತಿ ಗೌಸಿಯಾಬೇಗಂ ಸಲಾಂ ಹೇಳ್ಯಾಳ.

ಗನಿ


ಆಳಂದ, 2 ಡಿಸೆಂಬರ್ 1983

ಡಾಕ್ಟರ್ ಸಾಹೇಬರಿಗೆ,

ತಮ್ಮ ಪತ್ರ ಮುಟ್ಟಿತು. ತಾವು ಕೇಳಿದ ಮೊದಲನೇ ಪ್ರಶ್ನೆ ನನಗೆ ಆಳಂದದಲ್ಲಿ ದಿನಾಲು ಪುಕಟ ಸಿಗುತ್ತದೆ. ಅದಕ್ಕೆ ಜೇವರ್ಗಿಯಿಂದ ಟಪಾಲು ಬರಬೇಕಾಗಿರಲಿಲ್ಲ. ಉಳಿದ ಪ್ರಶ್ನೆಗಳನ್ನು ಓದಲಿಲ್ಲ. ಬೇಗಂ ಸಾಹೇಬರಿಗೆ ನಮಸ್ಕಾರ.

ಯುವರ್ಸ್ ಫೇಥ್‌ಫುಲ್ಲಿ,
ದೌಲತರಾಯ


ಜೇವರ್ಗಿ, 15 ಜನವರಿ 1984

ದೌಲತ್,

ನಿನ್ನೆ ಸಂಕ್ರಮಣ. ನಮ್ಮ ಓಣಿಯ ಶರಣರ ಮನಿಯಿಂದ ಕುಸರೆಳ್ಳು ಬಂದಾವ. ಸ್ವಲ್ಪ ಈ ಲಕೋಟ್ಯಾಗ ಹಾಕೇನಿ. ತಿಂದು ಬಾಯಿ ಸಿಹಿ ಮಾಡ್ಕೊ, ಆಮ್ಯಾಲ ಬೇಕಾದ್ರ ಬೈ. ಲೇ, ಆ ಪ್ರಶ್ನೆ ನಾ ಮೌಲ್ವಿಗೂ ಕೇಳ್ತೇನಿ, ಸ್ವಾಮಿಗೂ ಕೇಳ್ತೇನಿ. ಡಾಕ್ಟರ್ ಆದವ ನಾಚಿಕಿ ಬಿಟ್ಟು ಕೇಳಬೇಕು. ನೀ ಹಾಸ್ಟೆಲಿನ್ಯಾಗ ಕೆಮ್ಮಿನ ಔಷಧದಾಗೂ ಶೆರೆ ಅದ ಅಂತ ಚೆಲ್ಲಿದವ. ನಿನ್ನ ಮಾತು ನಾ ನಂಬೇನಿ. ಮುಗೀತು.

ಇನ್ನೊಂದು ಸುದ್ದಿ. ಇಜೇರಿಯಿಂದ ಬೀರಣ್ಣ ಅನ್ನೋ ಕುರಿ ಕಾಯವ ಬಂದಿದ್ದ. ಅವಂಗೂ ಕಿವಿ ಹೋಗ್ಯಾವ, ಅವನೂ ಜೋಲಿ ಹೋಗ್ತಾನ. ನನ್ನ ಖೋಲ್ಯಾಗ ನಿಂದ್ರಿಸಿ ಕಣ್ಣು ಮುಚ್ಚಂತ ಕೈಸನ್ನಿ ಮಾಡಿದೆ. ಮುಚ್ಚಿದ ಕೂಡಲೇ ಕಡದ ಗಿಡದಂಗ ಬಿದ್ದ. ಹಿಡಕೊಂಡೆ. ಆವಾಗ ನೀನೇ ಕಣ್ಣಮುಂದ ಬಂದಿ. ಉಳಿದ ಪ್ರಶ್ನೆಗಳಿಗೆ ಉತ್ತರ ಬರಿಯಪ್ಪ.

ಗನಿ


ಆಳಂದ, 10 ಫೆಬ್ರವರಿ 1984

ಗನಿ,

ಕುಸರೆಳ್ಳು ತಿಂದೆ. ಸಿಟ್ಟು ಇಳದದ. ಇಮಾಮಸಾಬಗೂ ಎರಡು ಕಾಳು ಕೊಟ್ಟೆ. "ಮುಸಲ್ಮಾನ ಕಳಿಸಿದ ಸಂಕ್ರಮಣ, ಲಿಂಗಾಯತ ಹಂಚಾಕತ್ತಾನ, ದುನಿಯಾ ಸುಧಾರಿಸೇತಿ" ಅಂತ ಪಾಟಿ ಮ್ಯಾಲ ಬರದ.

ನಿನ್ನ ಪ್ರಶ್ನೆ ಓದಿ ಅಂಜಿಕಿ ಬಂತು. ನನ್ನ ಜೋಡಿ ಇದ್ದು ನೋಡಿದವರಂಗ ಕೇಳೀ. ದೀಪ ಹೋದ್ರ ನಾ ಎದ್ದು ನಿಲ್ಲಾಂಗಿಲ್ಲ, ಅಂಬೆಗಾಲಿಡ್ತೇನಿ. ಮುಖಕ್ಕ ಸಾಬಾಣ ಹಚ್ಚಿ ಕಣ್ಣು ಮುಚ್ಚಿದ್ರ ಗ್ವಾಡಿ ಹಿಡೀಬೇಕು. ನಡಕೋತ ಹೋಗುವಾಗ ಅಂಗಡಿ ಬೋರ್ಡಿನ ಅಕ್ಷರ ಥಕಥಕ ಕುಣಿತಾವ, ನಿಂತ್ರ ಅವೂ ನಿಲ್ತಾವ.

ರೋಗ ಅಂದ್ರ, ಟೀಬಿ. ಮೊದಲು ಸುಂದ್ರಾಗ ಬಂತು. ಆವಾಗ ನಾವು ಅಫಜಲಪುರದಾಗ ಇದ್ದೆವು. ದಿನಾ ಮುಂಜಾನೆ ಒಬ್ಬ ಕಂಪೌಂಡರ್ ಮನಿಗೆ ಬಂದು ಸೂಜಿ ಮಾಡಿ ಹೋಗ್ತಿದ್ದ, ತಿಂಗಳಗಟ್ಟಲೆ. ಕೆಮ್ಮು ನಿಂತು ಮೈ ಕೂಡಿತ್ತು. ಆಕಿ ಹೋದ ಮ್ಯಾಲ ನನಗ ಬಂತು. ಅದೇ ಸೂಜಿ, ಈ ಸಲ ಆಳಂದದಾಗ. ನಾ ವಾಸಿ ಆದೆ. ವಾಸಿ ಆಗಿ ಏನು ಮಾಡೋದಿತ್ತು ಅಂತ ಕೇಳಬ್ಯಾಡ.

ಆಕಿ ಬಗ್ಗೆ ಬರದ್ರ ಪೆನ್ನು ನಿಲ್ಲಾಂಗಿಲ್ಲ. ರೋಗ ಹೋದ್ರೂ ಮನಸ್ಸು ನೆಟ್ಟಗ ಆಗಲಿಲ್ಲ ಆಕಿದು. ಕರದ್ರ ಓ ಅಂತಿದ್ದಿಲ್ಲ. ಹಿಂದಿನಿಂದ ಹೆಸರು ಹಿಡದು ಒದರಿದ್ರೂ ಹೊಳ್ಳಿ ನೋಡ್ತಿದ್ದಿಲ್ಲ. ಹೊತ್ತು ಮುಳುಗಿದ್ರ ಅಂಗಳಕ್ಕೂ ಬರ್ತಿದ್ದಿಲ್ಲ, ಗ್ವಾಡಿ ಹಿಡಕೊಂಡು ಮೂಲ್ಯಾಗ ಹೋಗಿ ಕೂಡ್ತಿದ್ದಳು. ನನ್ನ ಮ್ಯಾಲ ಏನೋ ಸಿಟ್ಟು ಅಂತ ತಿಳದೆ. ಮಕ್ಕಳಾಗಲಿಲ್ಲಂತ ಇರಬೇಕು, ರೋಗ ಬಂತಂತ ಇರಬೇಕು. ಗಾಣಗಾಪುರಕ್ಕ ಹುಣ್ಣಿಮಿಗೆ ಹೋಗಿ ಮೂರು ಮುಳುಗು ಹಾಕಿದ್ರ ಎಲ್ಲಾ ನೆಟ್ಟಗ ಆಗ್ತದಂತ ಯಾರೋ ಆಕಿಗೆ ಹೇಳಿದ್ರು. ಇಷ್ಟಲಿಂಗ ಇದ್ದವರಿಗೆ ನದಿ ಯಾಕ ಬೇಕು ಅಂದೆ ನಾ. ಮಗ್ಗಲ ಮನಿ ಶರಣಬಸಮ್ಮನ ಕರಕೊಂಡು ಹೋದಳು. ತಿರುಗಿ ಬರಲಿಲ್ಲ.

ಆಸ್ ಫಾರ್ ಆಸ್ ಐ ಆಮ್ ಕನ್ಸರ್ನ್ಡ್, ಉತ್ತರ ಎಲ್ಲಾ ಕೊಟ್ಟೇನಿ. ಈಗ ನೀ ಹೇಳು.

ದೌಲತರಾಯ


ಜೇವರ್ಗಿ, 4 ಮಾರ್ಚ್ 1984

ದೌಲತ್,

ತಡ ಆತು. ಹೈದರಾಬಾದಿನ ನನ್ನ ಗುರುಗಳಿಗೆ ಬರದು ಕೇಳಿದ್ದೆ. ಅವರ ಉತ್ತರ ಬಂದದ, ಬೀರಣ್ಣನ ಹಳೇ ಚೀಟಿನೂ ತರಿಸಿ ನೋಡಿದೆ. ಅನುಮಾನ ಉಳಿದಿಲ್ಲ.

ನಿಂದು, ಬೀರಣ್ಣಂದು, ಇಬ್ಬರ ಕಾರಣ ಒಂದೇ. ಟೀಬಿಯ ಆ ಸೂಜಿ, ಸ್ಟ್ರೆಪ್ಟೋಮೈಸಿನ್. ರೋಗ ಕೊಲ್ಲೋದೂ ಅದೇ, ಕೆಲವರಿಗೆ ಒಳಗಿವಿ ಸುಡೋದೂ ಅದೇ. ಕಿವ್ಯಾಗ ಕೇಳೋ ಜಾಗದ ಮಗ್ಗಲಕ್ಕೇ ಇನ್ನೊಂದು ಅದ, ಗೌಂಡಿಯ ರಸಮಟ್ಟ ಇದ್ದಂಗ. ಮ್ಯಾಲ ಯಾವುದು, ಕೆಳಗ ಯಾವುದು, ತಲಿ ಎತ್ತ ವಾಲ್ಯದ ಅಂತ ಮಿದುಳಿಗೆ ಹೇಳೋದು ಅದು. ನಿಂದು ಕೆಟ್ಟು ನಿಂತದ. ಈಗ ನೀ ನಿಂತಿರೋದು ಕಣ್ಣು ಮತ್ತ ಅಂಗಾಲಿನ ಆಸರದ ಮ್ಯಾಲ. ಕಣ್ಣು ಮುಚ್ಚಿದ್ರ ಅಂಗಾಲು ಒಂದೇ ಉಳೀತದ.

ಇದಕ್ಕ ಔಷಧ ಇಲ್ಲ. ಸುಳ್ಳು ಹೇಳಿ ಬಾಟ್ಲಿ ಕೊಡಬಹುದು, ನಿನಗ ಕೊಡಾಂಗಿಲ್ಲ. ಬಡಿಗಿ ಹಿಡಿ, ಬ್ಯಾಟರಿ ಇಟ್ಕೊ, ದಿನಾ ನಡಿ. ಕಣ್ಣು ತೆರಕೊಂಡೇ ಜಳಕ ಮಾಡು. ಹೊಳಿ, ಬಾವಿ, ಕೆರಿ, ಎಲ್ಲೂ ನೀರಾಗ ಇಳೀಬ್ಯಾಡ. ಇದೊಂದು ಮಾತು ಮರೀಬ್ಯಾಡ.

ನಿಮ್ಮ ಅತ್ತಿಗೆ ಹೇಳು, ಅಳಿಯ ಕುಡುಕ ಅಲ್ಲಂತ ಡಾಕ್ಟರ್ ಗನಿ ಬೇಕಾದ್ರ ಕುರಾನ್ ಮುಟ್ಟಿ ಹೇಳ್ತಾನ.

ಗನಿ


ಆಳಂದ, 22 ಮಾರ್ಚ್ 1984

ಗನಿ,

ನಿನ್ನ ಪತ್ರ ಇಮಾಮಸಾಬ ಒಮ್ಮಿ, ನಾ ನಾಕು ಸಲ ಓದಿ ಆತು. ಔಷಧ ಇಲ್ಲಂದಿ, ಇರಲಿ. ನಾ ಕುಡುಕ ಅಲ್ಲ ಅನ್ನೋದಕ್ಕ ಇಂಗ್ಲಿಷ್ ಹೆಸರು ಸಿಕ್ತಲ್ಲ. ಬಡಿಗಿ ತಗೊಂಡೇನಿ. ಅದನ್ನ ನೋಡಿ ಊರವರು, ಪಾಪ, ಕುಡದು ಕುಡದು ಕಾಲೇ ಹೋಗ್ಯಾವ ಅಂತಾರಂತ. ಏನು ಮಾಡ್ತಿ.

ನೀರಿಗಿ ಇಳೀಬ್ಯಾಡಂತ ಯಾಕ ಬರದಿ? ದವನದ ಹುಣ್ಣಿಮಿಗೆ ಆಕಿ ಹೋಗಿ ನಾಕು ವರ್ಷ ಆಗ್ತದ. ಆವಾಗ ಜೋಡಿ ಬಾ ಅಂದ್ರ ಹೋಗಲಿಲ್ಲ. ಈ ಸಲ ಹೋಗಿ, ಆಕಿ ನಿಂತ ಜಾಗದಾಗೇ ನಿಂತು ಮೂರು ಮುಳುಗು ಹಾಕಿ ಬರೋಣಂತ ಮಾಡೇನಿ. ನಡುಮಟ ನೀರು, ಬಡಿಗಿ ಊರಿಕೊಂಡು ನಿಲ್ತೇನಿ. ಅಲ್ಲಿಂದ ನೆಟ್ಟಗ ಖಜೂರಿಗೆ ಹೋಗ್ತೇನಿ. ನೀ ಅಂಜೋದು ಬ್ಯಾಡ, ಸಾಯಾಕ ಹೊಂಟಿಲ್ಲ ನಾ. ಸಾಯೋ ಧೈರ್ಯ ಆಕಿಗಿತ್ತು, ನನಗಿಲ್ಲ.

ದೌಲತರಾಯ


ಜೇವರ್ಗಿ, 1 ಏಪ್ರಿಲ್ 1984

ದೌಲತ್,

ಇದನ್ನ ಬರಿಬಾರದು ಅಂತ ಇದ್ದೆ. ಒಂದು ತಿಂಗಳಿಂದ ಬರದು ಹರದು ಮಾಡೇನಿ. ಗೌಸಿಯಾ, ಬರೀರಿ, ಇಲ್ಲಂದ್ರ ನಾನೇ ಆಳಂದಕ್ಕ ಹೋಗಿ ಹೇಳ್ತೇನಿ ಅಂದಳು.

ಬೀರಣ್ಣನ ಕತಿ ಪೂರಾ ಹೇಳಿದ್ದಿಲ್ಲ ನಿನಗ. ಅವ ಇಜೇರ್ಯಾಗ ಈಸಿನ್ಯಾಗ ಹುಲಿ. ಸೂಜಿ ಮುಗದ ಮ್ಯಾಲ ಬ್ಯಾಸಗ್ಯಾಗ ಎಂದಿನಂಗ ಬಾವ್ಯಾಗ ಜಿಗದ. ಮ್ಯಾಲ ಬರಲಿಲ್ಲ. ಅವನ ಅಣ್ಣ ಜಿಗದು ಕೂದಲಾ ಹಿಡದು ಎಳಕೊಂಡು ಬಂದ. ಬದುಕಿ ಬಂದವ ಹೇಳಿದ್ದು ಹಿಂಗ: "ನೀರಾಗ ಮ್ಯಾಲ ಯಾವುದು ಕೆಳಗ ಯಾವುದು ತಿಳೀಲೇ ಇಲ್ರಿ. ಮ್ಯಾಲ ಹೊಂಟೇನಂತ ಜೋರಾಗಿ ಈಸಿದೆ. ಕೈಗೆ ರಾಡಿ ಹತ್ತಿತು."

ಗಟ್ಟಿ ನೆಲದ ಮ್ಯಾಲ ಅಂಗಾಲು ಹೇಳ್ತದ, ಕಣ್ಣು ಹೇಳ್ತದ. ನೀರಾಗ ಕಣ್ಣು ಮುಚ್ಚಿ ಕುಂತು, ಕಾಲು ಒಮ್ಮಿ ನೆಲ ಬಿಟ್ಟರ ಹೇಳವರು ಯಾರೂ ಇಲ್ಲ. ಅದು ಬಾವಿ ಇರಲಿ, ನಡುಮಟ ಇರಲಿ.

ನೀ ಫೆಬ್ರವರಿಯೊಳಗ ಬರದದ್ದನ್ನ ಇನ್ನೊಮ್ಮಿ ನೆನಸು. ಕರದ್ರ ಓ ಅನ್ನದಾಕಿ. ಹೊತ್ತು ಮುಳುಗಿದ ಮ್ಯಾಲ ಗ್ವಾಡಿ ಹಿಡದಾಕಿ. ಅದು ಸಿಟ್ಟಲ್ಲ ದೌಲತ್. ಇದಕ್ಕಿಂತ ಹೆಚ್ಚು ಬರಿಯಾಕ ಕೈ ಬರವಲ್ದು.

ಸಂಗಮಕ್ಕ ಹೋಗು, ಬ್ಯಾಡ ಅನ್ನಾಂಗಿಲ್ಲ. ನೀರಾಗ ಇಳೀಬ್ಯಾಡ. ಈ ಪತ್ರ ಮುಟ್ಟಿದ್ದಕ್ಕ ಒಂದು ಗೆರಿ ಬರಿ.

ಗನಿ


ಜೇವರ್ಗಿ, 27 ಏಪ್ರಿಲ್ 1984

ದೌಲತ್,

ಹುಣ್ಣಿಮಿ ಆಗಿಹೋತು. ನಿನ್ನ ಸುದ್ದಿ ಇಲ್ಲ. ಇಮಾಮಸಾಬನ ಹೆಸರಿಗೂ ಒಂದು ಕಾರ್ಡು ಹಾಕೇನಿ. ಬೈದಾದ್ರೂ ಬರಿ.

ಗನಿ


ಆಳಂದ, 26 ಮೇ 1984

ಗನಿ,

ಜೀವಂತ ಇದ್ದೇನಿ. ಸಂಗಮಕ್ಕ ಹೋಗಿದ್ದೆ, ದಂಡಿ ಮ್ಯಾಲ ಕೂತೆ, ಇಳೀಲಿಲ್ಲ. ಮಂದಿ ಮೂಗು ಹಿಡದು, ಕಣ್ಣು ಮುಚ್ಚಿ, ಬುಡುಕ್ ಅಂತ ಮುಳುಗಿ ಏಳೋದು ನೋಡಿದೆ. ಸಣ್ಣ ಸಣ್ಣ ಹುಡುಗೂರು, ಹಣ್ಣು ಮುದುಕ್ಯಾರು. ಎಲ್ಲಾರೂ ಏಳ್ತಾರ. ಯಾರಿಗೂ ವಿಚಾರ ಮಾಡಬೇಕಾಗಾಂಗಿಲ್ಲ, ಮ್ಯಾಲ ಯಾವುದು ಅಂತ.

ನಿನಗ ಒಂದು ಮಾತು ಬರದಿದ್ದಿಲ್ಲ. ಆಕಿನ ಹೊರಗ ತಗದಾಗ ಎರಡೂ ಮುಟಗಿ ಬಿಗದಿದ್ದವು. ಮೈ ತೊಳಿವಾಗ ಅತ್ತಿ ಒಂದೊಂದೇ ಬೆರಳು ಬಿಚ್ಚಿದಳು. ಒಳಗ ಉಸುಕು. ಉಗುರಿನ ಸಂದ್ಯಾಗೂ ಉಸುಕು. ಮಂದಿ ಅಂದ್ರು, ನೋಡ್ರಿ, ಮ್ಯಾಲ ತೇಲಬಾರದಂತ ನೆಲಾ ಹಿಡಕೊಂಡಾಳ. ಅತ್ತಿ ನನ್ನ ಮಾರಿ ನೋಡಿ ಅಂದಳು, "ನನ್ನ ಮಗಳು ನೆಲಾ ಹಿಡದು ಸತ್ತಾಳ, ನಿನ್ನ ಮನಿಗೆ ತಿರುಗಿ ಬರಬಾರದಂತ." ಆವಾಗ ನನಗ ಕಿವಿ ಚಲೋ ಕೇಳ್ತಿದ್ದವು.

ಈಗ ನೀ ಅಂತಿ, ಆಕಿ ಮ್ಯಾಲ ಬರಾಕ ಹೊಂಟಿದ್ದಳು. ಕೈಗೆ ಉಸುಕು ಹತ್ತಿದ್ದು ಆಕಿ ದಾರಿ ಹುಡುಕಿದ್ದಕ್ಕ. ನೆಲಾನೇ ಆಕಾಶ ಅಂತ ತಿಳದು ಅದನ್ನ ತೋಡಿದಳು.

ಶರಣಬಸಮ್ಮ ದಂಡಿ ಮ್ಯಾಲೇ ಇದ್ದಳು, ಒದ್ದಿ ಸೀರಿ ಹಿಂಡಿಕೋತ. ಮೂರನೇ ಮುಳುಗಿಗೆ ಎದ್ದಿಲ್ಲ ನೋಡ್ರಿ, ದೇವರ ಧ್ಯಾನದಾಗ ಇರಬೇಕಂತ ಸುಮ್ಮಕಿದ್ದೆ ಅಂತ ಆವಾಗ ಅತ್ತಿದ್ದಳು. ಆಕಿದೂ ತಪ್ಪಲ್ಲ. ನಡುಮಟ ನೀರಾಗ ನಿಂತಾಕಿಗೆ ಯಾರು ಕೈ ಕೊಡ್ತಾರ?

ಗನಿ, ನಾಕು ವರ್ಷ ಆಕಿ ಮ್ಯಾಲ ಸಿಟ್ಟು ಹಿಡಕೊಂಡು ಬದುಕೇನಿ. ನನ್ನ ಬಿಟ್ಟು ಹೋದಳಂತ. ಆ ಸಿಟ್ಟು ಒಂದು ನಮೂನಿ ಆಸರ ಇತ್ತು ನೋಡು. ನೀ ಅದನ್ನ ಕಸಗೊಂಡಿ. ಆಕಿ ಬಿಟ್ಟು ಹೋಗಲಿಲ್ಲ ಅನ್ನೋದು ಸಮಾಧಾನ, ಹೌದು. ಆದ್ರ ಬದುಕಬೇಕಂತ ಒದ್ದಾಡಿದಳು ಅನ್ನೋದು? ಮೊದಲಿನ ಕತಿಯೊಳಗ ಆಕಿ ಶಾಂತ ಇದ್ದಳು. ನಾ ಆಕಿಗೆ ಆ ಶಾಂತಿನಾದ್ರೂ ಕೊಟ್ಟಿದ್ದೆ. ಯಾವುದು ಹಗುರ, ಯಾವುದು ವಜ್ಜಿ, ನನಗ ತೂಗಾಕ ಬರವಲ್ದು.

ಖಜೂರಿಗೆ ಹೋಗಿಲ್ಲ. ನಾ ಕುಡುಕ ಅಲ್ಲ ಅಂತ ಹೇಳಾಕ ಹೊಂಟವ ಈಗ ಏನಂತ ಹೇಳಲಿ? ಮುದುಕಿಗೆ ಎಪ್ಪತ್ತರ ಮ್ಯಾಲಾಗ್ಯದ. ಇದ್ದದ್ದು ಇದ್ದಂಗ ಇರಲಿ ಬಿಡು ಅನಸ್ತದ.

ದೌಲತರಾಯ


ಜೇವರ್ಗಿ, 5 ಜೂನ್ 1984

ದೌಲತ್,

ಯಾವುದು ವಜ್ಜಿ ಅಂತ ನನಗೂ ಗೊತ್ತಿಲ್ಲ. ಇಷ್ಟೇ ಗೊತ್ತು: ಸುಂದರಬಾಯಿ ಹೆಸರಿನ ಮ್ಯಾಲ ಆಕಿ ಮಾಡದ ಕೆಲಸ ಕೂತದ. ಅದನ್ನ ತಗಿಯಾಕ ಬರೋದು ನಿನಗ ಒಬ್ಬಂಗೇ. ನೀ ಕುಡುಕ ಹೌದೋ ಅಲ್ಲೋ ಅನ್ನೋದು ಈಗ ಸಣ್ಣ ಮಾತು.

ನಾ ಜೋಡಿ ಬರ್ತೇನಿ, ಒಂದು ಐತವಾರ ಗೊತ್ತು ಮಾಡು. ನನ್ನ ಮಾತು ನಂಬದಿದ್ರ ನನ್ನ ಗಡ್ಡಾನಾದ್ರೂ ನಂಬ್ತಾಳ ಮುದುಕಿ.

ಗನಿ


ಆಳಂದ, 2 ಜುಲೈ 1984

ಗನಿ,

ನಿನಗ ತಿಳಿಸದೇ ಹೋಗಿಬಂದೆ. ಸಿಟ್ಟಾಗಬ್ಯಾಡ. ನೀ ಬಂದಿದ್ರ ನಿನ್ನ ಬೆನ್ನ ಹಿಂದ ನಿಲ್ತಿದ್ದೆ ನಾ.

ಖಜೂರಿ ಚೆಕ್‌ಪೋಸ್ಟ್ ನಾಕಾದಾಗ ಬಸ್ ಇಳದೆ. ಟ್ರಕ್ಕು ಸಾಲಾಗಿ ನಿಂತಿದ್ದವು, ಒಂದರ ಸಪ್ಪಳನೂ ಇಲ್ಲ. ಈಗ ಬಲಗಿವಿನೂ ಪೂರಾ ಹೋಗ್ಯದ, ಬರದಿದ್ದಿಲ್ಲ ನಿನಗ. ಮಳಿ ಆಗಿತ್ತು, ಭಾವಮೈದುನ ಬಿತ್ತಿಗಿಗೆ ಹೊಲಕ್ಕ ಹೋಗಿದ್ದ. ಅತ್ತಿ ಒಬ್ಬಾಕಿನೇ ಪಡಸಾಲ್ಯಾಗ ತೊಗರಿಬ್ಯಾಳಿ ಹಸನ ಮಾಡ್ಕೋತ ಕೂತಿದ್ದಳು. ನನ್ನ ನೋಡಿ ಏಳಲಿಲ್ಲ. ಬಡಿಗಿ ನೋಡಿದಳು. ಹೋಗಂತ ಕೈ ಮಾಡಲಿಲ್ಲ, ಅಷ್ಟೇ ಸಾಕಂತ ಹೊಸ್ತಿಲ ಹೊರಗೇ ಕೂತೆ.

ದಾರ್ಯಾಗ ಎಲ್ಲಾ ಸಾಲು ಹಚ್ಚಿಕೊಂಡು ಹೋಗಿದ್ದೆ: ಸೂಜಿ, ಒಳಗಿವಿ, ರಸಮಟ್ಟ. ಒಂದೂ ನೆನಪಾಗಲಿಲ್ಲ. "ಅತ್ತಿ, ನಿಮ್ಮ ಮಗಳು ನೆಲಾ ಹಿಡದಿದ್ದಿಲ್ರಿ" ಅಂದೆ. ಎಷ್ಟು ಜೋರಾಗಿ ಅಂದೆನೋ, ಓಣ್ಯಾಗ ಇಬ್ಬರು ಹೊಳ್ಳಿ ನೋಡಿದ್ರು. ನನ್ನ ದನಿ ನನಗೇ ತಿಳಿಯಾಂಗಿಲ್ಲಲ್ಲ. ಆಮ್ಯಾಲ ಎದ್ದು ನಿಂತು, ಬಡಿಗಿ ಬಿಟ್ಟು, ಕಣ್ಣು ಮುಚ್ಚಿದೆ. ನಿಂದೇ ಪರೀಕ್ಷೆ. ಬೀಳ್ತೇನಂತ ಗೊತ್ತಿತ್ತು, ಬಿದ್ದೆ. ಮೊಣಕೈ ತರಚ್ಯದ, ಘಾಬರಿ ಆಗೋದು ಬ್ಯಾಡ. ಕಣ್ಣು ತೆರದಾಗ ಅತ್ತಿ ಮೊರ ಬಿಟ್ಟು ಹೊಸ್ತಿಲ ತನಕ ಬಂದಿದ್ದಳು.

"ಸುಂದ್ರಾಗೂ ಹಿಂಗೇ ಆಗಿತ್ರಿ. ಸೂಜಿ ಸಲುವಾಗಿ. ಕಿವಿನೂ ಹೋಗಿದ್ದವು, ನನಗ ತಿಳೀಲಿಲ್ಲ. ನೀರಾಗ ಆಕಿಗೆ ಮ್ಯಾಲ ಯಾವುದಂತ ಗೊತ್ತಾಗಲಿಲ್ಲ. ಮ್ಯಾಲ ಬರಾಕಂತ ಉಸುಕು ತೋಡಿದಳು. ಮನಿಗೆ ಬರಾಕ ಹೊಂಟಿದ್ದಳ್ರಿ."

ಮುದುಕಿ ತನ್ನ ಎರಡೂ ಕೈ ಮುಂದ ಹಿಡಕೊಂಡು ನೋಡಿದಳು. ಬೆರಳು ಮಡಚಿದಳು, ಬಿಚ್ಚಿದಳು. ಭಾಳ ಹೊತ್ತು ಅದನ್ನೇ ಮಾಡಿದಳು.

ಆಮ್ಯಾಲ ಮಾತಾಡಾಕ ಸುರು ಮಾಡಿದಳು. ನನ್ನ ಎಬ್ಬಿಸಿ ಒಳಗ ಕೂಡಿಸಿದಳು, ಮಾತಾಡಿಕೋತನೇ. ಗಂಗಾಳದಾಗ ರೊಟ್ಟಿ, ಪುಂಡಿಪಲ್ಯ ಇಟ್ಟಳು, ಮಾತಾಡಿಕೋತನೇ. ಸೆರಗಿನಿಂದ ಕಣ್ಣು ಒರಸ್ಕೊಂಡಳು, ಒಮ್ಮಿ ನೆಲಾ ತಟ್ಟಿದಳು, ಒಮ್ಮಿ ನನ್ನ ಕಡಿಗೆ ಬೆರಳು ಮಾಡಿದಳು. ಬೈಯಾಕತ್ತಾಳೋ, ಸುಂದ್ರಾ ಸಣ್ಣಾಕಿ ಇದ್ದಾಗಿನ ಮಾತು ಹೇಳಾಕತ್ತಾಳೋ, ನನ್ನ ಕ್ಷಮಿಸ್ಯಾಳೋ, ಇಷ್ಟು ದಿನ ಯಾಕ ಬರಲಿಲ್ಲ ಅನ್ನಾಕತ್ತಾಳೋ. ಹಲ್ಲಿಲ್ಲದ ಬಾಯಿ, ತುಟಿ ನೋಡಿ ತಿಳ್ಕೊಳಾಕ ಬರಲಿಲ್ಲ. ಅಕ್ಷರ ಗೊತ್ತಿಲ್ಲದಾಕಿ, ಬರದು ತೋರಿಸ್ರಿ ಅನ್ನೋಂಗೂ ಇಲ್ಲ. ಮನ್ಯಾಗ ಕೇಳಿ ಹೇಳವರು ಬ್ಯಾರೆ ಯಾರೂ ಇದ್ದಿಲ್ಲ. ನನಗ ಕೇಳಾಂಗಿಲ್ರಿ ಅಂತ ಹೇಳಬೇಕಿತ್ತು. ನಾಕು ವರ್ಷದ ಮ್ಯಾಲ ಆಕಿ ನನ್ನ ಜೋಡಿ ಮಾತಾಡಾಕತ್ತಿದ್ದಳು ಗನಿ, ನಡುವ ತಡಿಯಾಕ ಮನಸ್ಸಾಗಲಿಲ್ಲ.

ರೊಟ್ಟಿ ಮುರಕೋತ, ಆಕಿ ಬಾಯಿ ನಿಂತಾಗೊಮ್ಮೆ ಹೂಂ ಅಂದೆ. ಏನೇನಕ್ಕ ಹೂಂ ಅಂದು ಬಂದೇನೋ ಗೊತ್ತಿಲ್ಲ.

ದೌಲತರಾಯ